ಊಂ ಅಲ್ಲ, ಹೂಂ

ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿ ಇದ್ದಳಂತೆ, ಸಂತೆಗೆ ಹೋಗಿಬರುವಷ್ಟು ಹೊತ್ತು ನಿನ್ನ ದನಿ ಕೊಡು ಅಂತ ಒಂದು ಗುಬ್ಬಿ ಅವಳನ್ನು ಕೇಳಿತಂತೆ, ಪಾಪ, ಸಂತೆಯಲ್ಲಿ ಚೌಕಾಸಿ ಮಾಡಲು ಗುಬ್ಬಿಗೂ ದನಿ ಬೇಡವೇ ಅಂತ ಇವಳು ಮೂಗುತಿ ಬಿಚ್ಚಿ ಕೊಟ್ಟ ಹಾಗೆ ಬಿಚ್ಚಿ ಕೊಟ್ಟುಬಿಟ್ಟಳಂತೆ — ವಿಭೂತಿಯ ಪುಡಿ, ಒಂದು ಚಿಟಿಕೆಯೂ ಇಲ್ಲ, ಆಯಿಯ ಮೇಲ್ದುಟಿಯ ಮೇಲೆ ಕೂತಿದೆ, ಹಣೆಗೆ ಬಳಿಯುವಾಗ ಉದುರಿದ್ದು, ಮೂಗಿನ ಹೊಳ್ಳೆಯ ನೇರ ಕೆಳಗೆ, ಉಸಿರು ಅಂತ ಒಂದಿದ್ದಿದ್ದರೆ ಇಷ್ಟು ಹೊತ್ತಿಗೆ ಹಾರಿಹೋಗಬೇಕಿತ್ತು, ರಕ್ಷಾ ಅದನ್ನೇ ನೋಡುತ್ತ ಕೂತಿದ್ದಾಳೆ, ಯಾರೋ ಸೋಫಾ ಹೊರಗಿಟ್ಟಿದ್ದಾರೆ, ಟೀವಿಗೆ ಬೆಡ್‌ಶೀಟ್ ಹೊದಿಸಿದ್ದಾರೆ, ಸೋಫಾ ಇದ್ದ ಜಾಗದಲ್ಲಿ ಗೋಡೆಗೊರಗಿಸಿದ ಹಲಗೆ, ಹಲಗೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತ ಆಯಿ, ಅಪ್ಪನ ಅವ್ವ, ಸಂಗವ್ವ, ಎದೆಗೂ ಹಲಗೆಗೂ ಸೇರಿಸಿ ಶಾಲು ಕಟ್ಟಿದ್ದಾರೆ, ಎಡ ಅಂಗೈಯಲ್ಲಿ ಲಿಂಗ, ಕೊರಳ ತುಂಬ ಬಿಲ್ವಪತ್ರಿಯ ಮಾಲೆ, ಥೇಟು ಸಂಜೆ ಹೊತ್ತು ಬಚ್ಚಲಿಂದ ಬಂದು ಕತೆಗೆ ಕೂತ ಹಾಗೆ, ಇನ್ನೇನು ಸೆರಗು ಸರಿಮಾಡಿಕೊಂಡು ಎಲ್ಲಿಗ್ ಬಂದಿತ್ತವಾ ಅಂತ ಕೇಳುವ ಹಾಗೆ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಅಡುಗೆಮನೆಯಿಂದಲೇ ಕನಸು ಹೇಳುತ್ತಿದ್ದಳಲ್ಲ ರಕ್ಷಾ, ಆಯಿ, ಬಸ್ಸಿನ ತುಂಬ ಬರೀ ಕುಂಬಳಕಾಯಿ ಆಯಿ, ಕಂಡಕ್ಟರು ಒಂದೊಂದಕ್ಕೂ ಟಿಕೆಟ್ ಹರ್ದು ಕೊಡ್ತಿದ್ದ, ಒಂದು ಕುಂಬಳಕಾಯಿ ಮಾತ್ರ ಪಾಸಿದೆ ಅಂತು — ಅಲ್ಲಿ ನಿಲ್ಲಿಸಿದ್ದಳು, ಅಲ್ಲೊಂದು ಹೂಂ ಬರಬೇಕಿತ್ತು, ಒಳಕೋಣೆಯ ಮಂಚದಿಂದ, ಕಣ್ಣು ಮುಚ್ಚಿಕೊಂಡೇ ಹೇಳುವ ಹೂಂ, ಬರಲಿಲ್ಲ, ನೀರು ಕುದಿಯುತ್ತಿತ್ತು, ಪಾಸಿದೆ ಅಂತು ಆಯಿ ಅಂತ ಮತ್ತೊಮ್ಮೆ ಹೇಳಿದಳು, ಬರಲಿಲ್ಲ, ಗ್ಯಾಸು ಆರಿಸಿದಳು, ಒಳಗೆ ಹೋಗಿ ನೋಡುವ ಮೊದಲೇ ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಆದರೆ ಆಮೇಲೆ ಬಂತಲ್ಲ. ಎಲ್ಲರ ಕಿವಿಗೂ ಬಿತ್ತಲ್ಲ. ಇವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಮಣ್ಣು ಕೊಡುವುದು, ಅದಕ್ಕೇ ಅಪ್ಪನ ಜೊತೆ ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಚನ್ನಪ್ಪ ಕಾಕಾ ಸುದ್ದಿ ಕೇಳಿದ್ದೇ ಬನಿಯನ್ ಮೇಲೆ ಶರ್ಟು ಏರಿಸಿಕೊಂಡು ಓಡಿ ಬಂದಿದ್ದು, ಬಂದವನೇ ಅಪ್ಪನಿಗೆ ಅಂದ, ತಡ ಮಾಡಬ್ಯಾಡ್ರಿ ವಿಜಯಕುಮಾರ, ಮೈ ಸೆಟದ ಮ್ಯಾಲೆ ಮೊಣಕಾಲು ಮಡಚಾಕ ಬರೂದಿಲ್ಲ, ಈಗ ಕುಂಡ್ರಸಬೇಕು — ಬೆನ್ನ ಹಿಂದೆ ಕೈ ಕೊಟ್ಟವನು ಹೇಮಂತ, ಅತ್ತೆಯ ಮಗ, ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವನು, ಎತ್ತುವುದು ಬಗ್ಗಿಸುವುದು ಅವನಿಗೆ ದಿನದ ಕೆಲಸ, ಅಪ್ಪ ಬಗ್ಗಿ ಆಯಿಯ ಕಿವಿಯಲ್ಲಿ ಏನೋ ಅಂದ, ಮೂವರೂ ಸೇರಿ ಎತ್ತಿದರು, ಕಾಲು ಮಡಚಿದರು, ಮೈ ಮುಂದಕ್ಕೆ ಬಾಗಿತು, ಹೊಟ್ಟೆ ಅಮುಕಿತು, ಆಗ ಬಂತು, ಬಾಯಿಂದಲೋ ಮೂಗಿಂದಲೋ, ದೊಡ್ಡದಾಗಿ ಏನಲ್ಲ, ಕತೆಯ ಮಧ್ಯೆ ಬರುವಷ್ಟೇ. ಎಲ್ಲರ ಕೈಯೂ ನಿಂತುಹೋಯಿತು. ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯ ಗೋಪಾಲಮ್ಮ, ಊಂ ಅಂದ್ಲು ಕಣಪ್ಪಾ ನಿಮ್ಮವ್ವ, ಜೀವ ಐತೆ, ಬುಡ್ರಪ್ಪಾ, ಮನಗ್ಸ್ರಪ್ಪಾ ಮೊದ್ಲು. ಹೇಮಂತ ಕುತ್ತಿಗೆಗೆ ಎರಡು ಬೆರಳಿಟ್ಟ, ಫೋನಿನ ಟಾರ್ಚು ಹಾಕಿ ಕಣ್ಣು ಬಿಡಿಸಿ ನೋಡಿದ, ಮತ್ತೆ ಬೆರಳಿಟ್ಟ, ಬಹಳ ಹೊತ್ತು ಇಟ್ಟ, ಏನಿಲ್ಲ ಮಾಮಾ, ಒಳಗಿದ್ದ ಗಾಳಿ, ಬಗ್ಗಿಸಿದ್ವಲ್ಲ, ಅದಕ್ಕೆ ಹೊರಗ್ ಬಂತು, ಅಷ್ಟೇ. ಅಪ್ಪ ಹಿತ್ತಲಿಗೆ ಹೋಗಿ ನಲ್ಲಿಯ ಹತ್ತಿರ ನಿಂತ, ನಲ್ಲಿ ತಿರುಗಿಸಲಿಲ್ಲ.

ಊಂ ಅಂದಳು ಅಂದಳು ಗೋಪಾಲಮ್ಮ. ಅವಳು ಹಾಗೇ ಹೇಳುವುದು, ಈ ಲೇಔಟೆಲ್ಲ ರಾಗಿ ಹೊಲವಾಗಿದ್ದಾಗಿನ ಹಳೇ ಊರಿನವಳು, ಹೂವು ಅವಳ ಬಾಯಲ್ಲಿ ಊವು, ಹಾಲು ಆಲು, ಹೂಂ ಊಂ, ಅದನ್ನು ಹಿಡಿದುಕೊಂಡು ಆಯಿ ಎಷ್ಟು ಕಾಡುತ್ತಿದ್ದಳು, ಸಂಜೆ ಕತೆಗೆ ಬಂದು ಕೂತರೆ ಸಾಕು, ಏನ್ ಗೋಪಾಲಮ್ಮಾ, ಊಂ ಊಂ ಅಂತ ಒಲಿ ಊದಾಕತ್ತೀಯೇನು, ಕತಿಗೆ ಹೂಂ ಅನಬೇಕು, ಹ ಹಾಕು, ಹ ಅಂದ್ರ ಉಸರು, ಉಸರ ಇಲ್ದಿದ್ರ ಕತಿ ಮುಂದ್ ನಡಿಯೂದಿಲ್ಲ. ಅಂಗೇ ಕಣಕ್ಕೋ ನಾನಂದಿದ್ದು, ಊಂ ಅಂತ. ನೋಡು, ಮತ್ತ ಊದಿದಿ. ಮರುದಿನ ಗೋಪಾಲಮ್ಮ ತಟ್ಟೆ ಹಿಡಿದು ಬಂದಳು, ತಗಳಕ್ಕಾ, ಹಿವತ್ತು ಹಿಡ್ಲಿ ಮಾಡಿವ್ನಿ, ಸಾಕಾ ಹ, ಹಿನ್ನೂ ಬೇಕಾ — ಆಯಿ ನಕ್ಕು ನಕ್ಕು ಹಲ್ಲಿನ ಸೆಟ್ಟು ತೆಗೆದಿಟ್ಟು ನಕ್ಕಿದ್ದಳು. ರಕ್ಷಾಗೂ ಹೇಳುತ್ತಿದ್ದಳು, ಕತಿ ಅಂದ್ರ ಇಬ್ಬರು ಹೊರೂ ಕೊಡ ನೋಡವಾ, ಒಬ್ಬಾಕಿ ಹೇಳಬೇಕು ಒಬ್ಬಾಕಿ ಹೂಂ ಅನಬೇಕು, ಹೂಂ ನಿಂತ್ರ ಕತಿನೂ ನಿಂತಂಗ, ಅದರಾಗಿನ ಮಂದಿ ಎಲ್ಲಾ ಎಲ್ಲೆಲ್ಲಿ ಇದ್ರೋ ಅಲ್ಲಲ್ಲೇ ನಿಂದರತಾರ, ತುತ್ತು ಬಾಯಿಗೆ ಒಯ್ದಾಂವ ತುತ್ತು ಹಿಡಕೊಂಡ ನಿಂದರತಾನ. ಹಾಗಾದರೆ ಬೆಳಿಗ್ಗೆ ಆಯಿಯ ಬಾಯಿಂದ ಬಂದದ್ದಕ್ಕೆ ಹ ಇತ್ತೋ ಇಲ್ಲವೋ, ರಕ್ಷಾಳ ಕಿವಿಯಲ್ಲಿ ಅದು ಒಮ್ಮೆ ಇದ್ದ ಹಾಗಿದೆ, ಇನ್ನೊಮ್ಮೆ ಇಲ್ಲದ ಹಾಗೆ, ನೆನೆಸಿಕೊಂಡಷ್ಟೂ ಸವೆಯುತ್ತಿದೆ, ಹೂಂ, ಊಂ, ಯಾವುದು, ವಿಭೂತಿಯ ಪುಡಿ ಇದ್ದಲ್ಲೇ ಇದೆ, ಯಾರೋ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋದರು, ಸೆರಗಿನ ಗಾಳಿಗೆ ಪತ್ರಿ ಅಲುಗಿತು, ಪುಡಿ ಅಲುಗಲಿಲ್ಲ.

ದನಿ ಕೊಟ್ಟ ಹುಡುಗಿ ಸಂತೆಯಿಂದ ತಿರುಗಿ ಬಾರದ ಗುಬ್ಬಿಯನ್ನು ಹುಡುಕಿಕೊಂಡು ಹೊರಟಳಂತೆ, ಕೇಳೋಣವೆಂದರೆ ಬಾಯಲ್ಲಿ ದನಿಯಿಲ್ಲ, ಗಿಡದ ಮುಂದೆ ನಿಂತು ರೆಕ್ಕೆಯ ಹಾಗೆ ಕೈ ಬಡಿದು ತೋರಿಸುತ್ತಾಳೆ, ಗಿಡ ಆ ಕಡೆ ಬಾಗುತ್ತದೆ, ಹೂಂ, ಹೋಗುತ್ತ ಹೋಗುತ್ತ ಕಾಡಿನ ನಡುವೆ ಒಂದು ಮನೆ, ಮನೆಯಲ್ಲಿ ಒಬ್ಬ ಮುದುಕಿ, ಮುದುಕಿಯ ಸುತ್ತ ನೆಲದಿಂದ ಸೂರಿನವರೆಗೆ ಗಡಿಗೆ, ಒಂದೊಂದು ಗಡಿಗೆಯಲ್ಲಿ ಒಂದೊಂದು ದನಿ, ಕಳೆದುಕೊಂಡವರದು, ಕೊಟ್ಟು ಮರೆತವರದು, ಹೂಂ, ಒಂದೇ ಒಂದು ಗಡಿಗೆ ತೆಗಿ ಮಗಳೇ, ಅದರೊಳಗ ಬಂದದ್ದು ನಿಂದು, ಆಮ್ಯಾಲೆ ನಂದಲ್ಲ ಅಂತ ಅಳಬ್ಯಾಡ ಅಂದಳಂತೆ ಮುದುಕಿ, ಹುಡುಗಿ ಒಂದು ಗಡಿಗೆಯ ಮುಚ್ಚಳದ ಮೇಲೆ ಕೈ ಇಟ್ಟಳಂತೆ — ಅಷ್ಟೇ. ಅಲ್ಲಿಗೆ ಬಂದಾಗಲೆಲ್ಲ ಕತೆ ಹೇಳುತ್ತಿದ್ದ ಆಯಿಯ ಅವ್ವನಿಗೆ ನಿದ್ದೆ ಬರುತ್ತಿತ್ತು. ದಿನವಿಡೀ ಯಾರದೋ ಹೊಲದಲ್ಲಿ ದುಡಿದು ಬಂದ ಹೆಂಗಸು, ಪ್ರತಿ ರಾತ್ರಿ ಅಲ್ಲಿಗೇ ಗೊರಕೆ, ನಾಳಿ ಹೇಳ್ತೀನಿ ಮಲಕ್ಕೋ, ಹಾಗೆ ನಾಳೆ ನಾಳೆ ಅನ್ನುತ್ತಲೇ ಒಂದು ಹೆರಿಗೆಯಲ್ಲಿ ಹೋಗಿಬಿಟ್ಟಳು, ಆಯಿ ಆಗಿನ್ನೂ ಲಂಗದ ಹುಡುಗಿ. ಆಕಿ ಕೈ ಇನ್ನೂ ಮುಚ್ಚಳದ ಮ್ಯಾಲೇ ಐತಿ ನೋಡವಾ, ನನಗ ಮದುವ್ಯಾತು, ನಿಮ್ಮಪ್ಪ ಹುಟ್ಟಿದ, ನಿಮ್ಮಪ್ಪಗ ಬೆಂಗಳೂರಾಗ ನೌಕರಿ ಆತು, ಆಕಿ ಇನ್ನೂ ಕೈ ಇಟ್ಟಕೊಂಡ ನಿಂತಾಳ, ಕೈ ಜೋಮು ಹಿಡದಿರಬೇಕು, ನೀ ಬುಕ್ಕ ಓದಾಕಿ, ನೀ ಮುಗಸು. ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಪುಟ್ಟ ರಕ್ಷಾ ಹೂಂ ಅಂದಿದ್ದಳು, ನಾನ್ ಮುಗಸ್ತೀನಿ ಆಯಿ. ನಾ ಹೋಗೂದ್ರಾಗ ಮುಗಸು ಮತ್ತ, ನಮ್ಮವ್ವ ಅಲ್ಲಿ ಕೇಳತಾಳ, ಬರಿಗೈಲೆ ಹ್ಯಾಂಗ ಹೋಗ್ಲಿ.

ಮುಗಿಸಿರಲಿಲ್ಲವೆ, ಎಷ್ಟು ಸಲ. ಸ್ಕೂಲಿನಲ್ಲಿದ್ದಾಗ ರಾಜಕುಮಾರ ಬಂದು ಗಡಿಗೆ ತೆಗೆದುಕೊಟ್ಟ, ಆಯಿ ಹೂಂ ಅನ್ನಲಿಲ್ಲ, ಅವಗ ಬ್ಯಾರೆ ಉದ್ಯೋಗ ಇಲ್ಲೇನವಾ, ಎಲ್ಲಾ ಕತ್ಯಾಗೂ ಅವನ ಬರ್ತಾನ. ಕಾಲೇಜಿನಲ್ಲಿದ್ದಾಗ ಹುಡುಗಿ ಮುದುಕಿಯನ್ನು ತಳ್ಳಿ ಅಷ್ಟೂ ಗಡಿಗೆ ಒಡೆದುಹಾಕಿದಳು, ಆಯಿ ಹೂಂ ಅನ್ನುವ ಬದಲು, ಆ ಮುದುಕಿ ಮುಂದ ನೀರು ಎದರಾಗ ಇಟ್ಟಕೊಂಡಳು ಅಂತ ಕೇಳಿದಳು. ಹೋದ ತಿಂಗಳು ಅದೆಲ್ಲ ಕನಸು ಅಂತ ಮುಗಿಸಿದಾಗ ಹೂಂ ಬರಲಿಲ್ಲವೆಂದು ನೋಡಿದರೆ ಆಯಿಗೆ ನಿಜವಾಗಿ ನಿದ್ದೆ ಹತ್ತಿತ್ತು. ಹೂಂ ಬಂದರೆ ಮುಗಿದ ಹಾಗೆ, ಬರದಿದ್ದರೆ ಸುಳ್ಳು, ಅದೇ ಲೆಕ್ಕ, ಈಗ ಊರಿಂದ ಹೊರಟ ನೆಂಟರು ಯಶವಂತಪುರದಲ್ಲಿ ಇಳಿದು ಮನೆಗೆ ಬರುವವರೆಗೆ ಹೊತ್ತಿದೆ, ಅವರು ಬಂದು ಮುಖ ನೋಡಿದರೆ ಎತ್ತುವುದೇ, ಅಷ್ಟರಲ್ಲಿ ಹೇಳಬೇಕು, ಆದರೆ ಏನು ಹೇಳಬೇಕು, ಇಷ್ಟು ಜನರ ಮುಂದೆ ಹೆಣದ ಕಿವಿಯಲ್ಲಿ ಗುಬ್ಬಿಯ ಕತೆ ಹೇಳಿದರೆ, ಪಾಪ, ಮೊದಲೇ ಒಂಥರಾ, ಈಗ ಪೂರ್ತಿ ಹೋಯ್ತು ಅನ್ನುತ್ತಾರೆ, ಯಲಹಂಕದ ಆಫೀಸಿನ ಬಸ್ಸಿನಲ್ಲೂ ಅವಳಿಗೆ ಕನಸು ಅಂತಲೇ ಹೆಸರು ತಾನೆ, ಏಯ್ ಕನಸು, ನಿನ್ ಸ್ಟಾಪ್ ಹೋಯ್ತಮ್ಮಾ. ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ ಹೇಮಂತನ ಪಕ್ಕ ಹೋಗಿ ಕೂತಳು, ಹೇಮಂತ, ಸತ್ತೋರು ಅಲ್ಲಾಡ್ತಾರಾ. ಅಲ್ಲಾಡಲ್ಲ ಕಣೇ, ಅಲ್ಲಾಡಿದ ಹಾಗಾಗುತ್ತೆ, ಸ್ನಾಯು ಒಂಚೂರು ಎಳೆಯುತ್ತೆ, ಆಮೇಲೆ ಗಟ್ಟಿಯಾಗುತ್ತೆ, ಗಾಳಿ ಇದ್ರೆ ಸದ್ದು ಬರುತ್ತೆ, ಗಂಟಲಲ್ಲಿ ತಾಕ್ಕೊಂಡು ಬರುತ್ತಲ್ಲ, ಅದಕ್ಕೆ ದನಿ ಥರ ಇರುತ್ತೆ. ದನಿ ಥರನಾ, ದನಿನಾ. ಬದುಕಿದ್ದಾಗ್ಲೂ ಅಷ್ಟೇ ತಾನೆ, ನಾನೀಗ ಮಾತಾಡ್ತಿರೋದೂ ಗಾಳಿನೇ. ಮತ್ತೆ ಹ. ಏನ್ ಹ. ಆಯಿ ಊಂ ಅಂದಳಾ ಹೂಂ ಅಂದಳಾ. ಹೇಮಂತ ಲೋಟ ಕೆಳಗಿಟ್ಟು ಅವಳ ಮುಖ ನೋಡಿದ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ ನೀನು.

ತಿಂದಿರಲಿಲ್ಲ. ಗೋಪಾಲಮ್ಮ ಅವರ ಮನೆಯಿಂದ ಉಪ್ಪಿಟ್ಟು ತಂದಿದ್ದಳು, ರಕ್ಷಾ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ತುತ್ತು ಬಾಯಿಗೆ ಒಯ್ದಳು, ಬೆಳಗಿನ ಚಹಾದ ನೀರು ಪಾತ್ರೆಯಲ್ಲಿ ಹಾಗೇ ಇದೆ, ತಣ್ಣಗೆ, ಆಗ ಅಪ್ಪ ಬಂದ. ಅಪ್ಪನಿಗೂ ಅವಳಿಗೂ ನಡುವೆ ಇರುವ ಮಾತು ಬಹಳ ಕಡಿಮೆ, ಅವಳ ಅಮ್ಮ ತೀರಿಕೊಂಡಮೇಲೆ ಅದ್ಯಾಕೋ ಹಾಗೇ ಆಗಿಹೋಯಿತು, ಗ್ಯಾಸ್ ಬುಕ್ ಮಾಡಿದ್ಯಾ, ಬಾಗಿಲು ಹಾಕ್ಕೋ, ಸೆಕೆಂಡ್ ಶಿಫ್ಟ್ ಐತಿ, ಉಳಿದದ್ದನ್ನೆಲ್ಲ ಇಬ್ಬರೂ ಆಯಿಗೆ ಹೇಳುತ್ತಿದ್ದರು, ಆಯಿ ಆ ಕಡೆಯದನ್ನು ಈ ಕಡೆ ದಾಟಿಸುತ್ತಿದ್ದಳು. ಅಪ್ಪ ಫ್ರಿಜ್ಜಿನ ಬಾಗಿಲು ತೆರೆದ, ಏನೂ ತೆಗೆದುಕೊಳ್ಳದೆ ಮುಚ್ಚಿದ, ನಿನಗ ಹ್ಯಾಂಗ ಕೇಳಿಸ್ತು ಅಂತ ಕೇಳಿದ. ಗೊತ್ತಿಲ್ಲಪ್ಪ. ನಾ ಕಿವ್ಯಾಗ ಹೇಳಿದ್ನಿ, ಅವ್ವಾ, ಕುಂಡ್ರಸ್ತೀವಿ ನೋಡವಾ, ನೋವಾದ್ರ ಹೇಳು ಅಂತ, ಅದಕ್ಕ ಹೂಂ ಅಂದಂಗ ಕೇಳಿಸ್ತು ನನಗ — ಹೇಮಂತಗ ಹೇಳಬ್ಯಾಡ, ನಗತಾನ. ಅಪ್ಪ ಹೊರಗೆ ಹೋದ. ಹಾಗಾದರೆ ಅದು ಅಪ್ಪನದು. ಗಾಳಿಯಾಗಿರಲಿ ಏನೇ ಆಗಿರಲಿ, ಅಪ್ಪ ಕೇಳಿದ, ಉತ್ತರ ಬಂತು, ಕೊನೆಯದು ಅಪ್ಪನ ಪಾಲಿಗೆ ಬಂತು, ಬರಲಿ, ಅವನಿಗೂ ಬೇರೆ ಯಾರಿದ್ದಾರೆ, ಬೆಳಗಿನಿಂದ ಕಿವಿಯಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದನ್ನು ರಕ್ಷಾ ಬಿಟ್ಟುಕೊಟ್ಟಳು, ಬಿಟ್ಟುಕೊಟ್ಟ ಮೇಲೆ ಒಳಗೆ ಏನೂ ಉಳಿಯಲಿಲ್ಲ, ನಾಳೆ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಕುಂಬಳಕಾಯಿಯ ಕನಸನ್ನು ಯಾರಿಗೆ ಹೇಳುವುದು, ಪಾಸಿದೆ ಅಂತು ಅನ್ನುವಲ್ಲಿ ನಿಲ್ಲಿಸಿದರೆ ನಿಂತೇ ಇರಬೇಕು, ಬಾಯಲ್ಲಿದ್ದ ಉಪ್ಪಿಟ್ಟನ್ನು ಸಿಂಕಿಗೆ ಉಗುಳಿದಳು.

ಊರಿನವರು ಬಂದರು, ಅತ್ತರು, ಚನ್ನಪ್ಪ ಕಾಕಾ ಹೊತ್ತಾತು ನಡೀರಿ ಅಂದ, ಹಲಗೆಯ ಸಮೇತ ಎತ್ತಿ ಚೆಂಡುಹೂವು ಸುತ್ತಿದ ತೆರೆದ ಗಾಡಿಯಲ್ಲಿಟ್ಟರು, ಒಬ್ಬಿಬ್ಬರು ಹತ್ತಿಕೊಳ್ರಿ, ಹಲಗಿ ಹಿಡಕೊಳಾಕ ಬೇಕು, ರಕ್ಷಾ ಯಾರನ್ನೂ ಕೇಳದೆ ಹತ್ತಿದಳು, ಗೋಪಾಲಮ್ಮ ಹತ್ತಿದಳು, ಅಪ್ಪ ಮುಂದೆ ಡ್ರೈವರಿನ ಪಕ್ಕ, ಉಳಿದವರು ಹಿಂದೆ ಟೆಂಪೊದಲ್ಲಿ. ವಿದ್ಯಾರಣ್ಯಪುರದ ರಸ್ತೆಯಲ್ಲಿ ಮನೆಗೊಂದು ರೋಡ್ ಹಂಪು, ಮೊದಲನೆಯ ಹಂಪಿಗೆ ಆಯಿ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದಳು, ಕುತ್ತಿಗೆ ಈಗ ಗಟ್ಟಿಯಾಗಿದೆ, ಹೇಮಂತ ಹೇಳಿದ ಹಾಗೇ, ತಲೆ ಬೇರೆ ಮೈ ಬೇರೆ ಅಲ್ಲ, ಇಡಿಯಾಗಿ ಬಾಗಿ ಇಡಿಯಾಗಿ ಬಂದಳು, ಇಡ್ಕ ಮಗಾ ಬಿದ್ದುಗಿದ್ದಾಳು ಅಂದಳು ಗೋಪಾಲಮ್ಮ, ರಕ್ಷಾ ಹಲಗೆ ಹಿಡಿದುಕೊಂಡು ಆಯಿಯ ಕೆನ್ನೆಯ ಹತ್ತಿರ ಬಂದಳು, ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿ ಇದ್ದಳಂತೆ ಆಯಿ, ಹಂಪು, ಆಯಿ ಬಾಗಿದಳು, ದನಿ ಕೊಡು ಅಂತ ಒಂದು ಗುಬ್ಬಿ ಅವಳನ್ನು ಕೇಳಿತಂತೆ, ಹಂಪು, ಬಾಗಿದಳು, ಬೇಕರಿಯ ಮುಂದೆ ನಿಂತ ಹುಡುಗರು ಸಿಗರೇಟು ಕೆಳಗಿಳಿಸಿದರು, ಬಸ್ಸೊಂದು ದಾರಿ ಬಿಟ್ಟಿತು, ಗಿಡದ ಮುಂದೆ ನಿಂತು ಕೈ ಬಡಿದಳಂತೆ, ಈಗ ಹಂಪಿಲ್ಲ, ಆದರೂ ಊಂ ಅಂತ ಬಂತು — ಗೋಪಾಲಮ್ಮ, ಕಣ್ಣು ಒರೆಸಿಕೊಳ್ಳುತ್ತ, ಹೇಳವ್ವಾ, ಊಂ, ಗಿಡ ಏನಂತು. ಗಿಡ ಬಾಗಿತು ಗೋಪಾಲಮ್ಮಾ. ಊಂ. ಆಯಿಯ ತುಟಿಯ ಮೇಲೆ ಪುಡಿ ಇನ್ನೂ ಇದೆ, ಇಷ್ಟು ಕುಲುಕಿದರೂ ಬಿದ್ದಿಲ್ಲ, ಬೆವರಿಲ್ಲದ ಚರ್ಮಕ್ಕೆ ಅದು ಹೇಗೆ ಅಂಟಿಕೊಂಡಿತು, ಗಡಿಗೆಯ ಮನೆ ಬಂತು, ಮುದುಕಿ ಬಂದಳು, ಒಂದೇ ಒಂದು ತೆಗಿ ಅಂದಳು, ಹುಡುಗಿ ಮುಚ್ಚಳದ ಮೇಲೆ ಕೈ ಇಟ್ಟಳು, ರಕ್ಷಾಳ ಮಾತು ನಿಂತಿತು, ಗಾಡಿ ಸಿಗ್ನಲ್ಲಿಗೆ ನಿಂತಿತು, ಇಲ್ಲಿ ಆಯಿಯ ಅವ್ವ ಮಲಗಿದಳು, ಇಲ್ಲಿಂದ ಮುಂದೆ ಯಾರೂ ಹೋಗಿಲ್ಲ, ಮುಂದೇನಾಯ್ತವ್ವಾ ಅಂದಳು ಗೋಪಾಲಮ್ಮ, ನಾನೀಗ ಮಾತಾಡ್ತಿರೋದೂ ಗಾಳಿನೇ ಅಂದಿದ್ದ ಹೇಮಂತ, ಹ ಅಂದ್ರ ಉಸರು ಅಂದಿದ್ದಳು ಆಯಿ, ಹಸಿರು ಬಂತು, ಮುಚ್ಚಳ ತೆಗೆದಳಂತೆ.

ಒಳಗೆ ಏನೂ ಇರಲಿಲ್ಲವಂತೆ. ಬರೀ ಗಾಳಿ. ಮುಖಕ್ಕೆ ತಣ್ಣಗೆ ತಾಕಿತು, ಅಷ್ಟೇ, ಹುಡುಗಿ ಮುದುಕಿಯನ್ನು ನೋಡಿದಳು, ಮುದುಕಿ, ಅಳಬ್ಯಾಡ ಅಂದಿದ್ನಿಲ್ಲ, ಎಲ್ಲಾ ಗಡಿಗ್ಯಾಗೂ ಅದ ಇರೋದು, ನಿಂದು ಯಾವುದು ಆಕಿದು ಯಾವುದು ನನಗೂ ಗೊತ್ತಿಲ್ಲ, ಕುಡಕೊಂಡ ನಡಿ ಅಂದಳಂತೆ, ಊಂ ಅಂದಳು ಗೋಪಾಲಮ್ಮ, ಗಾಡಿ ಎಡಕ್ಕೆ ತಿರುಗಿತು, ಮಣ್ಣಿನ ದಾರಿ, ಆಯಿ ಆ ಕಡೆ ಈ ಕಡೆ ತೂಗಿದಳು, ಹುಡುಗಿ ಕುಡಿದಳಂತೆ, ಗುಟುಕು ಗುಟುಕಾಗಿ, ಯಾರದೋ ಗಾಳಿ, ತನ್ನದಲ್ಲದ್ದು, ಸತ್ತವರದೂ ಇರಬಹುದು, ಕುಡಿದು ಬಂದ ದಾರಿಯಲ್ಲೇ ತಿರುಗಿ ನಡೆದಳಂತೆ, ಗಿಡವನ್ನೂ ಮಾತಾಡಿಸಲಿಲ್ಲ, ದಾರಿಯಲ್ಲಿ ಸಿಕ್ಕ ಗುಬ್ಬಿಯನ್ನೂ ಮಾತಾಡಿಸಲಿಲ್ಲ, ಬಾಯಿ ಬಿಟ್ಟರೆ ಯಾರ ದನಿ ಬರುತ್ತದೋ ಅಂತ ಹೆದರಿಕೆ, ಅವ್ವನಿಗೆ ಗುರುತು ಸಿಗದಿದ್ದರೆ, ಯಾರಾಕಿ ನೀನು ಅಂದರೆ — ಗಾಡಿ ನಿಂತಿತು. ರುದ್ರಭೂಮಿಯ ಗೇಟು. ಗೋಪಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನಿಂದ ಇಳಿದಳು, ಅಪ್ಪ ಮುಂದಿನಿಂದ ಇಳಿದ, ಟೆಂಪೊದವರು ಇಳಿಯುತ್ತಿದ್ದಾರೆ, ಚನ್ನಪ್ಪ ಕಾಕಾ ಕೂಗುತ್ತಿದ್ದಾನೆ, ಚಪ್ಪಲಿ ಅಲ್ಲೇ ಬಿಡ್ರಿ, ಯಾರು ಹಿಡೀತೀರಿ ಬರ್ರಿ, ಹಂಪಿಲ್ಲ, ಊಂ ಇಲ್ಲ, ಗಾಡಿಯ ಮೇಲೆ ಆಯಿ ಮತ್ತು ಅವಳು, ರಕ್ಷಾ ಇನ್ನೂ ಹತ್ತಿರ ಸರಿದಳು, ವಿಭೂತಿ ಮತ್ತು ಪತ್ರಿಯ ವಾಸನೆ, ಆಯಿಯ ಕಿವಿಯ ಓಲೆ ಬಿಚ್ಚಿದ ತೂತು, ಇಷ್ಟು ಹತ್ತಿರದಿಂದ ಕಂಡರೆ ಮುಖ ಮುಖವೇ ಅಲ್ಲ, ಕೆನ್ನೆ, ಮೂಗಿನ ಪಕ್ಕದ ಸುಕ್ಕು, ತುಟಿ, ಮನೆ ಬಂತಂತೆ ಆಯಿ, ಅವ್ವ ಬಾಗಿಲಲ್ಲೇ ನಿಂತಿದ್ದಳಂತೆ, ನಿದ್ದೆ ಮಾಡಿರಲಿಲ್ಲವಂತೆ, ಇವಳು ಬಾಯಿ ತೆರೆಯುವ ಮೊದಲೇ ಕಾಲಿನ ಸಪ್ಪಳದಲ್ಲಿ ಗುರುತು ಹಿಡಿದಳಂತೆ, ಸಂಗವ್ವಾ, ಬಂದ್ಯಾ ಅಂತ ಕೇಳಿದಳಂತೆ, ಹುಡುಗಿ ಆ ಗಡಿಗೆಯ ಗಾಳಿಯಲ್ಲಿ, ಅದು ಯಾರದಾದರೂ ಆಗಲಿ, ಮೊದಲನೇ ಮಾತು ಆಡಿದಳಂತೆ — ಕೈಗಳು ಹಲಗೆ ಹಿಡಿದವು, ಇಳಿಯವಾ ರಕ್ಷಾ ಅಂದ ಅಪ್ಪ, ಒಂದ್ನಿಮಿಷ ಅಪ್ಪ, ಮುಗೀತು, ಆಯಿಯ ಮೂಗಿಗೆ ಮೂಗು ತಾಗುವಷ್ಟು ಬಾಗಿ ರಕ್ಷಾ ಆ ಮಾತನ್ನು ಆಡಿದಳು, ಹೂಂ, ಹ ಇಟ್ಟು, ಪೂರ್ತಿ ಉಸಿರಿಟ್ಟು — ತುಟಿಯ ಮೇಲಿನ ಬಿಳಿ ಪುಡಿ ಅಲುಗಿತು, ಇವಳ ಉಸಿರಿಗೇ, ಅಲುಗಿ, ಎದ್ದು, ಹಾರಿಹೋಯಿತು, ತುಟಿಯ ಮೇಲೆ ಏನೂ ಇಲ್ಲ